ಕೋಡ್ ಕೇಳಿದ ಗೆಳತಿ, ಬೇರೆಯವರ ಅಂಕಪಟ್ಟಿ ತೋರಿಸಿದ ಜಾಲತಾಣ

ಪ್ರಶ್ನೆ: ಗೆಳತಿಯ ನಂಬರಿನಿಂದ ‘ನನ್ನ ಕೋಡ್ ತಪ್ಪಿ ನಿನಗೆ ಬಂದಿದೆ, ಕಳಿಸು’ ಅಂತ ಮೆಸೇಜ್ ಬಂತು. ಆರಂಕಿ ಕಳಿಸಿಬಿಟ್ಟೆ. ಈಗ ನನ್ನ ವಾಟ್ಸ್‌ಆ್ಯಪ್ ತೆರೆಯುತ್ತಿಲ್ಲ, ನೆಂಟರಿಗೆಲ್ಲ ನನ್ನ ಹೆಸರಲ್ಲಿ ದುಡ್ಡು ಕೇಳುತ್ತಿದ್ದಾರೆ.
– 9ನೇ ತರಗತಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಅದು ನಿಮ್ಮದೇ ಖಾತೆಯ ಬೀಗದ ಕೈ. ಗೆಳತಿಯ ಖಾತೆ ಮೊದಲೇ ಕಳ್ಳರ ಪಾಲಾಗಿರಬೇಕು. ಅವಳ ಮೇಲೆ ಸಿಟ್ಟಾಗಬೇಡಿ.

ಆ್ಯಪ್ ತೆರೆದು ನಿಮ್ಮ ನಂಬರ್ ಹಾಕಿ, ಎಸ್ಎಂಎಸ್‌ನಲ್ಲಿ ಬರುವ ಹೊಸ ಕೋಡ್ ತುಂಬಿ. ತಕ್ಷಣ ಕಳ್ಳನ ಫೋನಿನಲ್ಲಿ ಖಾತೆ ಮುಚ್ಚಿಹೋಗುತ್ತದೆ. ಆಮೇಲೆ ನೀವು ಇಟ್ಟೇ ಇರದ ಪಿನ್ ಕೇಳಿದರೆ ಅದು ಅವನು ಇಟ್ಟದ್ದು. 7 ದಿನ ಕಾಯಬೇಕಾಗುತ್ತದೆ, ಆದರೆ ಆ 7 ದಿನ ಅವನೂ ಹೊರಗೇ. ಗಾಬರಿಯಲ್ಲಿ ಪದೇ ಪದೇ ಕೋಡ್ ತರಿಸಬೇಡಿ, ಆ್ಯಪ್ ನಿಮ್ಮನ್ನೇ ಗಂಟೆಗಟ್ಟಲೆ ತಡೆಯುತ್ತದೆ.

ಅಷ್ಟರಲ್ಲಿ ಮನೆಯವರ ಫೋನಿನಿಂದ ನೆಂಟರಿಗೆ ಕರೆ ಮಾಡಿ ಹೇಳಿ. ಯಾರಾದರೂ ಹಣ ಕಳಿಸಿದ್ದರೆ ಅವರು ವಹಿವಾಟಿನ ಸಂಖ್ಯೆ ಕೈಯಲ್ಲಿಟ್ಟುಕೊಂಡು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮುನ್ನ ತಿಳಿಸಿದರೆ ಮಾತ್ರ ತಡೆಹಿಡಿಯುವ ಅವಕಾಶ ಹೆಚ್ಚು.

ಖಾತೆ ಮರಳಿದ ದಿನವೇ ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ (ಕೋಡ್ ಜೊತೆಗೆ ನೀವಿಟ್ಟ ಪಿನ್ನನ್ನೂ ಕೇಳುವ ವ್ಯವಸ್ಥೆ) ಆನ್ ಮಾಡಿ, ಇಮೇಲನ್ನೂ ಕೊಡಿ. ಲಿಂಕ್ಡ್ ಡಿವೈಸಸ್‌ನಲ್ಲಿ ಗುರುತಿಲ್ಲದ್ದನ್ನು ತೆಗೆದುಹಾಕಿ.

ಪ್ರಶ್ನೆ: ಒಂದು ಫಲಿತಾಂಶದ ಜಾಲತಾಣದಲ್ಲಿ ವಿಳಾಸದ ಕೊನೆಯ ಅಂಕಿ ಬದಲಿಸಿದರೆ ಬೇರೆಯವರ ಅಂಕಪಟ್ಟಿ, ಫೋನ್ ನಂಬರ್ ಕಾಣುತ್ತದೆ. ಹೇಳಿದರೆ ನನಗೇ ತೊಂದರೆಯೆ?
– 10ನೇ ತರಗತಿ ವಿದ್ಯಾರ್ಥಿ, ಹಾವೇರಿ

ಉತ್ತರ: ನಿಮಗೆ ಸಿಕ್ಕಿರುವುದು ನಿಜವಾದ ದೋಷ. ‘ಈ ಪುಟ ಕೇಳುತ್ತಿರುವವರು ಯಾರು, ಇದು ಅವರದೇನಾ?’ ಎಂದು ಸರ್ವರ್ ಪರೀಕ್ಷಿಸುತ್ತಿಲ್ಲ. ನಂಬರ್ ಕೊಟ್ಟವರಿಗೆಲ್ಲ ಕಡತ ಎತ್ತಿಕೊಡುತ್ತಿದೆ. ಲಾಗಿನ್ ಇದ್ದರೂ ಈ ಎರಡನೆಯ ಪರೀಕ್ಷೆಯನ್ನು ಬಿಟ್ಟಿರುವ ತಾಣಗಳಿವೆ.

ಆದರೆ ಇಲ್ಲಿಗೇ ನಿಲ್ಲಿಸಿ. ಇನ್ನೊಂದು ಅಂಕಿಯನ್ನೂ ಹಾಕಿ ನೋಡಬೇಡಿ. ‘ಎಷ್ಟು ಜನರದ್ದು ಸಿಗುತ್ತದೆ’ ಎಂದು ಪ್ರೋಗ್ರಾಂ ಬರೆದು ಇಳಿಸಿಕೊಂಡ ಗಳಿಗೆಯಿಂದ ವಿಷಯವೇ ಬೇರೆ: ಅನುಮತಿಯಿಲ್ಲದೆ ಮಾಹಿತಿ ಇಳಿಸಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ನಿಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶವೂ ಸೇರಿದರೆ 66ನೇ ಸೆಕ್ಷನ್, 3 ವರ್ಷದವರೆಗೆ ಸೆರೆ. ಸ್ಕ್ರೀನ್‌ಶಾಟನ್ನು ತರಗತಿಯ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ, ಆ ಫೋನ್ ನಂಬರುಗಳು ನಿಮ್ಮಂಥ ಮಕ್ಕಳದ್ದೇ.

ದಿನಾಂಕ, ಸಮಯ, ಪುಟದ ವಿಳಾಸ, ಏನು ಮಾಡಿದಾಗ ಏನು ಕಂಡಿತು, ಇಷ್ಟನ್ನು ಅರ್ಧ ಪುಟದಲ್ಲಿ ಬರೆಯಿರಿ. ಬೇರೆಯವರ ವಿವರ ಅದರಲ್ಲಿ ಇರಬಾರದು. ಅಪ್ಪ, ಅಮ್ಮ ಅಥವಾ ಶಿಕ್ಷಕರ ಮೂಲಕ ತಾಣ ನಡೆಸುವವರಿಗೆ ಕಳಿಸಿ. ಉತ್ತರವೇ ಬರದಿದ್ದರೆ ಇಂಥ ದೋಷಗಳ ವರದಿ ಪಡೆಯುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ಬರೆಯಬಹುದು. ಈ ಅರ್ಧ ಪುಟ ಬರೆಯುವುದೇ ಸೈಬರ್ ಭದ್ರತೆಯ ಉದ್ಯೋಗದಲ್ಲಿ ದಿನನಿತ್ಯದ ಕೆಲಸ.

ಪ್ರಶ್ನೆ: ಕನ್ನಡ ಮಾಧ್ಯಮದವನು ಸೈಬರ್ ಭದ್ರತೆಯ ಕ್ಷೇತ್ರಕ್ಕೆ ಹೋಗಬಹುದೆ? ಈಗಲೇ ಏನು ಕಲಿಯಲಿ?
– 9ನೇ ತರಗತಿ ವಿದ್ಯಾರ್ಥಿ, ಸಿಂದಗಿ

ಉತ್ತರ: ಖಂಡಿತ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಇರುವ ಸಂಯೋಜನೆ ತೆಗೆದುಕೊಂಡು ಬಿಇ ಅಥವಾ ಬಿಸಿಎ ಕಡೆ ಹೋಗಬಹುದು. ಅಪರಾಧ ಪತ್ತೆಯತ್ತ ಒಲವಿದ್ದರೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣ ಧಾರವಾಡದಲ್ಲೇ ಇದೆ.

ದುಡ್ಡು ಕಟ್ಟುವ ‘ಹ್ಯಾಕಿಂಗ್ ಕೋರ್ಸ್’ ಈಗ ಬೇಡ. ಓವರ್‌ದವೈರ್ ಜಾಲತಾಣದಲ್ಲಿ ಆಜ್ಞೆ ಟೈಪಿಸಿ ಆಡುವ ‘ಬ್ಯಾಂಡಿಟ್’ ಆಟ ಉಚಿತ, ಅಲ್ಲಿ ಒಳನುಗ್ಗಲು ಅನುಮತಿ ಇದೆ. ಎರಡನೆಯ ಹಂತದಲ್ಲೇ ಹೆಚ್ಚಿನವರು ಮುಗ್ಗರಿಸುತ್ತಾರೆ: ಓದಬೇಕಾದ ಕಡತದ ಹೆಸರು ಬರೀ ಒಂದು ಅಡ್ಡಗೆರೆ. ಕಡತ ಓದಿ ತೋರಿಸುವ ಆಜ್ಞೆ ‘ಕ್ಯಾಟ್’. ‘ಕ್ಯಾಟ್ -’ ಎಂದು ಕೊಟ್ಟರೆ ಪರದೆ ಸುಮ್ಮನೆ ನಿಂತುಬಿಡುತ್ತದೆ, ಏಕೆಂದರೆ ಆ ಆಜ್ಞೆಗೆ ಅಡ್ಡಗೆರೆಯೆಂದರೆ ‘ಕೀಬೋರ್ಡಿನಿಂದ ಓದು’ ಎಂದರ್ಥ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ಹೊರಬನ್ನಿ, ಹೆಸರಿಗಿಂತ ಮೊದಲು ./ ಸೇರಿಸಿ ಮತ್ತೆ ಕೊಡಿ. ಇದು ಹಿಡಿಸಿದರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೋಸಿಟಿಎಫ್ ಎಂಬ ಸೈಬರ್ ಭದ್ರತೆಯ ಸ್ಪರ್ಧೆಗೆ ಹೋಗಿ. 13 ವರ್ಷ ತುಂಬಿರಬೇಕು. ಇಂಗ್ಲಿಷ್ ಪದ ಎದುರಾದಾಗಲೆಲ್ಲ ಅರ್ಥವನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಳ್ಳಿ.