ಪ್ರೊಬಯಾಟಿಕ್ ನುಂಗಿದರೆ ಇಮ್ಯುನೊಥೆರಪಿ ಚೆನ್ನಾಗಿ ನಾಟುತ್ತದೆಯೇ?

ಪ್ರಶ್ನೆ: ತಂದೆಯವರಿಗೆ ಶ್ವಾಸಕೋಶದ ಕ್ಯಾನ್ಸರ್. ಸದ್ಯದಲ್ಲೇ ಪೆಂಬ್ರೊಲಿಜುಮಾಬ್ ಡ್ರಿಪ್ ಶುರುವಾಗುತ್ತದೆ. ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇದ್ದರೆ ಈ ಔಷಧ ಚೆನ್ನಾಗಿ ಕೆಲಸ ಮಾಡುತ್ತದಂತೆ. ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೊಡಲೇ? ಹಲ್ಲುನೋವಿಗೆ ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಕೊಡಬಹುದೇ?

ಉತ್ತರ: ಎರಡೂ ಬೇಡ.

ನೀವು ಕೇಳಿದ್ದರಲ್ಲಿ ಹುರುಳಿದೆ. ಪೆಂಬ್ರೊಲಿಜುಮಾಬ್ ಒಂದು ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಔಷಧ. ಅದು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಹಿಡಿದಿಟ್ಟಿರುವ ಪಿಡಿ-1 ಎಂಬ ತಡೆಯನ್ನು ಸಡಿಲಿಸುತ್ತದೆ. ಆ ಟಿ ಕೋಶಗಳು ಎಷ್ಟು ಚುರುಕಾಗಿವೆ ಎಂಬುದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳಿಗೂ ಪಾಲಿದೆ. ಔಷಧಕ್ಕೆ ಸ್ಪಂದಿಸಿದ ಶ್ವಾಸಕೋಶ ಮತ್ತು ಮೂತ್ರಪಿಂಡದ ಕ್ಯಾನ್ಸರ್ ರೋಗಿಗಳ ಮಲದಲ್ಲಿ ಅಕರ್ಮಾನ್ಸಿಯಾ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿ ಇದ್ದದ್ದು 2018ರಲ್ಲಿ ಕಂಡುಬಂತು. 2021ರಲ್ಲಿ ಇಸ್ರೇಲಿನ ವೈದ್ಯರು, ಈ ಬಗೆಯ ಔಷಧ ಫಲಿಸದಿದ್ದ 10 ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳಿಗೆ ಫಲ ಕಂಡವರ ಮಲವನ್ನು ಕಸಿ ಮಾಡಿ ಮತ್ತೆ ಔಷಧ ಕೊಟ್ಟಾಗ ಮೂವರು ಸ್ಪಂದಿಸಿದರು. ಇದನ್ನು ಸಂಶೋಧನೆಯ ಚೌಕಟ್ಟಿನ ಹೊರಗೆ ಯಾರೂ ಪ್ರಯತ್ನಿಸಬಾರದು. ಸರಿಯಾಗಿ ತಪಾಸಣೆಯಾಗದ ಮಲದಿಂದ ಆಂಟಿಬಯಾಟಿಕ್ಕಿಗೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ತಗುಲಿ ಒಬ್ಬರು ಸತ್ತದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿತ್ತು.

ಕ್ಯಾಪ್ಸೂಲಿನ ಕಥೆ ಬೇರೆ. ಅದರಲ್ಲಿರುವ ಒಂದೆರಡು ತಳಿಗಳು ಕರುಳಿನ ನೂರಾರು ತಳಿಗಳಿಗೆ ಸಮವಲ್ಲ. 2021ರ ಮೆಲನೋಮ ಅಧ್ಯಯನವೊಂದರಲ್ಲಿ ದಿನಕ್ಕೆ 20 ಗ್ರಾಂ ಅಥವಾ ಹೆಚ್ಚು ನಾರಿನಂಶ ತಿನ್ನುತ್ತಿದ್ದವರಲ್ಲಿ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಅವರಲ್ಲೂ ಪ್ರೊಬಯಾಟಿಕ್ ಮುಟ್ಟದವರದ್ದೇ ಮೇಲುಗೈ. ಇಲಿಗಳಲ್ಲಂತೂ ಪ್ರೊಬಯಾಟಿಕ್ ಚಿಕಿತ್ಸೆಯ ಫಲವನ್ನೇ ತಗ್ಗಿಸಿತು.

ಹಾಗಾಗಿ ಗಮನ ಊಟದ ಕಡೆ ಇರಲಿ. ಒಂದು ಕಪ್ ಬೇಯಿಸಿದ ಕಾಳಿನಲ್ಲಿ ಸುಮಾರು 15 ಗ್ರಾಂ, ಸಿಪ್ಪೆಸಹಿತ ಸೇಬಿನಲ್ಲಿ ಸುಮಾರು 4 ಗ್ರಾಂ ನಾರು. ವಾರಕ್ಕೆ 5 ಗ್ರಾಂನಂತೆ ಏರಿಸಿ, ನೀರೂ ಹೆಚ್ಚಿಸಿ. ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಕರುಳು ಕಿರಿದಾಗಿದ್ದರೆ ಅಥವಾ ಇತ್ತೀಚೆಗೆ ಕರುಳಿನ ಶಸ್ತ್ರಚಿಕಿತ್ಸೆ ಆಗಿದ್ದರೆ ನಾರು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಡ್ರಿಪ್ ಶುರುವಾಗುವ ಮುಂಚಿನ ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಫಲ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಹಾಗೆಂದು ನಿಜವಾದ ಸೋಂಕಿಗೆ ವೈದ್ಯರು ಬರೆದುಕೊಟ್ಟದ್ದನ್ನು ಬಿಡಬೇಡಿ, ಸೋಂಕೇ ಪ್ರಾಣ ತೆಗೆಯಬಹುದು. ಹಲ್ಲನ್ನು ದಂತವೈದ್ಯರಿಗೆ ಈಗಲೇ ತೋರಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಚಿಕಿತ್ಸೆಯ ನಡುವೆ ದಿನಕ್ಕೆ ಮಾಮೂಲಿಗಿಂತ 4 ಸಲ ಹೆಚ್ಚು ಭೇದಿಯಾದರೆ, ಅಥವಾ ರಕ್ತ ಕಂಡರೆ, ಊಟವನ್ನೋ ಕ್ಯಾಪ್ಸೂಲನ್ನೋ ದೂರುತ್ತ ಕೂರಬೇಡಿ. ಔಷಧದಿಂದಲೇ ಕರುಳು ಉರಿಯೂತಗೊಂಡಿರಬಹುದು. ಅದಕ್ಕೆ ಸ್ಟೀರಾಯ್ಡ್ ಬೇಕಾಗುತ್ತದೆ. ಭೇದಿ ನಿಲ್ಲಿಸುವ ಮಾತ್ರೆ ನುಂಗಿಸದೆ ಅದೇ ದಿನ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ.