ಪೆನ್ಸಿಲ್ ಯಾರ ಕೈಯಲ್ಲಿರಬೇಕು?

ತರೀಕೆರೆ ಸೀಮೆಯ ನಿವೃತ್ತ ಗಣಿತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: ಬ್ಯಾಂಕಿನ ಸಾಲದ ಮೇಲೆ ಮಗಳು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋಗಿ ಎಂಟು ತಿಂಗಳಾಗಿದೆ. ಅಲ್ಲಿನ ವಿಶ್ವವಿದ್ಯಾಲಯದ ಟ್ಯೂಟರಿಂಗ್ ಸೆಂಟರಿನಲ್ಲಿ ಪದವಿ ತರಗತಿಯವರಿಗೆ ಲೆಕ್ಕ ಹೇಳಿಕೊಡುವ ಕೆಲಸ ಸಿಕ್ಕಿದೆ. ಮೊದಲ ವಾರವೇ ಮೇಲ್ವಿಚಾರಕಿ ಕರೆದು, 'ನೀನು ಲೆಕ್ಕ ಬಿಡಿಸಿ ಕೊಡುತ್ತಿದ್ದೀಯ, ಹಾಗೆ ಮಾಡಬಾರದು' ಎಂದರಂತೆ. ಮೇಷ್ಟರು ಕೇಳುತ್ತಾರೆ: ಲೆಕ್ಕ ಬಿಡಿಸದೆ ಲೆಕ್ಕ ಕಲಿಸುವುದು ಯಾವ ದೇಶದ ಪದ್ಧತಿ? ಇಷ್ಟು ಓದಿಸಿದ ಮಗಳಿಗೆ ಗಂಟೆ ಲೆಕ್ಕದ ಈ ಕೂಲಿ ಬೇಕಿತ್ತೇ? ಪಾಠ ಹೇಳಿದ್ದಕ್ಕೆ ಪಕ್ಕದ ಬೀದಿಯ ಹುಡುಗನಿಗೆ ಫೀಸೇ ಮಾಫಿಯಾಗಿದೆಯಂತೆ, ಇವಳಿಗೆ ಏಕಿಲ್ಲ? ಅಲ್ಲಿನ ಪರಿಚಯದ ಕನ್ನಡ ಕುಟುಂಬಗಳು ಶನಿವಾರ ಮನೆಪಾಠ ಹೇಳಿದರೆ ಎರಡು ಪಟ್ಟು ಕೊಡುತ್ತೇವೆ ಎನ್ನುತ್ತಿವೆ, ಅದಕ್ಕೇ ಹೋಗು ಎನ್ನಲೇ? ನನ್ನ ಮೂವತ್ತೊಂದು ವರ್ಷದ ಟಿಪ್ಪಣಿ ಪುಸ್ತಕಗಳನ್ನು ಅವಳಿಗೆ ಕಳುಹಿಸಲೇ?

ಮೇಷ್ಟರೇ, ನಮಸ್ಕಾರ.

ನಿಮ್ಮ ಪ್ರಶ್ನೆಗಳ ಕ್ರಮ ತಪ್ಪಿಸಿ ಶನಿವಾರದ ಮನೆಪಾಠವನ್ನು ಮೊದಲು ಎತ್ತಿಕೊಳ್ಳುತ್ತೇನೆ. ಉಳಿದವು ಕಾದಾವು, ಇದು ಕಾಯುವುದಿಲ್ಲ. ಅದಕ್ಕೆ ಹೋಗು ಎಂದು ಮಗಳಿಗೆ ಹೇಳಬೇಡಿ. ಹೇಳಿಬಿಟ್ಟಿದ್ದರೆ ಇವತ್ತೇ ಫೋನ್ ಮಾಡಿ ಬೇಡ ಎನ್ನಿ.

ಓದಲೆಂದು ಎಫ್-1 ವೀಸಾದಲ್ಲಿ ಹೋದವರಿಗೆ ಅಲ್ಲಿನ ಕಾನೂನು ದುಡಿಮೆಗೆ ಬಿಟ್ಟಿರುವ ಕಿಂಡಿ ಬಹಳ ಸಣ್ಣದು. ವಿಶ್ವವಿದ್ಯಾಲಯದ ಆವರಣದೊಳಗೆ, ತರಗತಿಗಳು ನಡೆಯುವ ದಿನಗಳಲ್ಲಿ, ವಾರಕ್ಕೆ 20 ಗಂಟೆ. ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು. ಆವರಣದ ಹೊರಗೆ ದುಡಿಯಬೇಕಾದರೆ ಓದಿಗೆ ಸಂಬಂಧಪಟ್ಟ ತರಬೇತಿಯೆಂದೋ, ನಿರೀಕ್ಷಿಸದ ಆರ್ಥಿಕ ಸಂಕಷ್ಟವೆಂದೋ ಮೊದಲೇ ಅನುಮತಿ ಪಡೆದಿರಬೇಕು. ಕನ್ನಡದವರ ಮನೆಯಾದರೂ ಅದು ಆವರಣದ ಹೊರಗೇ ಇದೆ. ಕೈಯಲ್ಲಿ ನಗದು ಕೊಟ್ಟರೂ ಅದು ದುಡಿಮೆಯೇ. ಯುಗಾದಿಗೆ ಊಟಕ್ಕೆ ಕರೆದ ಮನೆಯಲ್ಲಿ ಮಗುವಿಗೆ ಒಂದು ಲೆಕ್ಕ ಹೇಳಿಕೊಟ್ಟರೆ ಯಾರೂ ಏನೂ ಅನ್ನುವುದಿಲ್ಲ. ವಾರ ವಾರ ಹೋಗಿ ಡಾಲರ್ ಪಡೆದರೆ ಅದು ಅನುಮತಿಯಿಲ್ಲದ ಉದ್ಯೋಗ, ಅದರಿಂದ ವಿದ್ಯಾರ್ಥಿಯ ಸ್ಥಾನವೇ ಹೋಗಬಹುದು. ಕರೆಯುವವರು ಒಳ್ಳೆಯವರೇ ಇರುತ್ತಾರೆ, ಸಂದೇಹವಿಲ್ಲ. ಪೆಟ್ಟು ಬಿದ್ದಾಗ ಬೀಳುವುದು ಮಾತ್ರ ನಿಮ್ಮ ಮಗಳ ಮೇಲೆ. ನಮ್ಮಲ್ಲಿ ಮನೆಪಾಠವೆಂದರೆ ಪುಣ್ಯದ ಕೆಲಸ, ಅದಕ್ಕೂ ಕಾನೂನಿಗೂ ಏನು ಸಂಬಂಧ ಎಂದು ತೋರುವುದು ಸಹಜ. ಅಲ್ಲಿ ಸಂಬಂಧವಿದೆ.

ಈ 20 ಗಂಟೆ ಎನ್ನುವುದು ಒಟ್ಟು ಲೆಕ್ಕ. ಸೆಂಟರಿನಲ್ಲಿ 17 ಗಂಟೆ, ಗ್ರಂಥಾಲಯದಲ್ಲಿ 5 ಗಂಟೆ ಮಾಡಿದರೆ 22 ಆಯಿತು; ಎರಡು ಬೇರೆ ಬೇರೆ ವಿಭಾಗ ಎನ್ನುವ ಸಮಜಾಯಿಷಿ ನಡೆಯುವುದಿಲ್ಲ. ಪರೀಕ್ಷೆಯ ವಾರ ಬಂತೆಂದರೆ ಟ್ಯೂಟರಿಂಗ್ ಸೆಂಟರಿನಲ್ಲಿ ಕುರ್ಚಿ ಸಿಗುವುದಿಲ್ಲ, 'ಇನ್ನು ಒಂದು ಗಂಟೆ ಇರುತ್ತೀಯಾ' ಎಂದು ಕೇಳುವವರು ಇರುತ್ತಾರೆ. ದಾಕ್ಷಿಣ್ಯಕ್ಕೆ ಹೂಂ ಎನ್ನುವ ಮೊದಲು ಆ ವಾರದ ಗಂಟೆಗಳನ್ನು ಕೂಡಿಸಿ ನೋಡಲಿ. ಸಂಖ್ಯಾಶಾಸ್ತ್ರದವಳು, ಕೂಡಿಸುವುದು ಕಷ್ಟವಾಗಲಾರದು.

ಈಗ ಕೂಲಿಯ ಮಾತು. ಪತ್ರದಲ್ಲಿ ಆ ಪದ ಮೂರು ಸಲ ಬಂದಿದೆ, ಮೂರನೆಯ ಸಲ ಅಡಿಗೆರೆ ಬೇರೆ. ನನಗೆ ಸ್ವಲ್ಪ ಬೇಸರವಾಯಿತು ಎಂದು ಹೇಳಿಯೇ ಮುಂದೆ ಹೋಗುತ್ತೇನೆ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಂಡ ಮನೆಯ ಹುಡುಗನಿಗೆ ಮಗ್ಗಿ, ವ್ಯಾಕರಣ ಹೇಳಿಕೊಟ್ಟು ಎದ್ದು ಬರುವುದು. ಅದನ್ನು ಯಾರೂ ಕೂಲಿ ಎನ್ನಲಿಲ್ಲ, ಏಕೆಂದರೆ ಅದಕ್ಕೆ ದರ ಕಟ್ಟಿರಲಿಲ್ಲ. ಅಲ್ಲಿ ದರ ಕಟ್ಟುತ್ತಾರೆ, ಅಷ್ಟೇ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ 2009ರ ಜುಲೈನಲ್ಲಿ ಗಂಟೆಗೆ 7.25 ಡಾಲರ್ ಆದದ್ದು ಮುಂದಿನ ಎಷ್ಟೋ ವರ್ಷ ಅಲ್ಲೇ ನಿಂತಿತು. ಕ್ಯಾಲಿಫೋರ್ನಿಯದಂಥ ರಾಜ್ಯದಲ್ಲಿ 2025ಕ್ಕೆ 16.50 ಡಾಲರ್ ಇತ್ತು. ನಿಮ್ಮ ಮಗಳ ದರ ಅವಳಿರುವ ರಾಜ್ಯವನ್ನು ಅವಲಂಬಿಸಿರುತ್ತದೆ. ದಯವಿಟ್ಟು ಅದನ್ನು ರೂಪಾಯಿಗೆ ಗುಣಿಸಬೇಡಿ. ಗುಣಿಸಿದರೆ ತರೀಕೆರೆಯಲ್ಲಿ ಕುಳಿತ ನಿಮಗೆ ಅದು ದೊಡ್ಡ ಮೊತ್ತವಾಗಿ ಕಾಣುತ್ತದೆ, ಅಕ್ಕಿ ಬೇಳೆ ಕೊಳ್ಳಲು ನಿಂತ ಅವಳಿಗೆ ಸಣ್ಣದಾಗಿಯೇ ಇರುತ್ತದೆ. ಈ ದುಡ್ಡಿನಲ್ಲಿ ದಿನಸಿ, ಫೋನ್, ಬಾಡಿಗೆಯ ಒಂದು ಭಾಗ ನಡೆಯುತ್ತದೆ. ಸಾಲದ ಅಸಲು ಕರಗುವುದಿಲ್ಲ.

ಪಕ್ಕದ ಬೀದಿಯ ಹುಡುಗನ ಫೀಸು ಮಾಫಿಯಾಗಿದ್ದರೆ ಅವನು ಬಹುಶಃ ಟೀಚಿಂಗ್ ಅಸಿಸ್ಟೆಂಟ್. ಅದು ವಿಭಾಗ ಕೊಡುವ ಹುದ್ದೆ: ಪ್ರಾಧ್ಯಾಪಕರ ಕೈಕೆಳಗೆ ಚರ್ಚಾ ತರಗತಿ ನಡೆಸುವುದು, ಉತ್ತರ ಪತ್ರಿಕೆ ತಿದ್ದುವುದು. ಅನೇಕ ಕಡೆ ಅದಕ್ಕೆ ಶುಲ್ಕ ವಿನಾಯಿತಿ ಮತ್ತು ಮಾಸಿಕ ವೇತನ ಇರುತ್ತದೆ, ಪಿಎಚ್.ಡಿ. ಮಾಡುವವರಿಗೆ ಆದ್ಯತೆ. ಟ್ಯೂಟರಿಂಗ್ ಸೆಂಟರಿನವರದ್ದು ಗಂಟೆಯ ಸಂಬಳ, ಅಂಕ ಕೊಡುವ ಅಧಿಕಾರವೂ ಇಲ್ಲ. ಮಕ್ಕಳು ಅಲ್ಲಿಗೆ ಧೈರ್ಯವಾಗಿ ಬರುವುದು ಅದಕ್ಕಾಗಿಯೇ. ತನ್ನ ಅಂಕ ಯಾರ ಕೈಯಲ್ಲಿದೆಯೋ ಅವರ ಮುಂದೆ 'ಭಿನ್ನರಾಶಿಯೇ ಬರುವುದಿಲ್ಲ' ಎಂದು ಒಪ್ಪಿಕೊಳ್ಳುವ ಇಪ್ಪತ್ತರ ಹುಡುಗನನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಎರಡು ಕಡೆ ಅರ್ಜಿ ಹಾಕಿದಾಗ 'ವರ್ಕ್-ಸ್ಟಡಿಯವರಿಗೆ ಮಾತ್ರ' ಎಂದು ತಿರಸ್ಕರಿಸಿದರು, ಇದು ಪಕ್ಷಪಾತ ಎಂದು ಬರೆದಿದ್ದೀರಿ. 1964ರ ಬಡತನ ನಿವಾರಣೆಯ ಕಾಯ್ದೆಯೊಂದಿಗೆ ಹುಟ್ಟಿದ ಯೋಜನೆ ಅದು. ಕಷ್ಟದಲ್ಲಿರುವ ವಿದ್ಯಾರ್ಥಿಗಳ ಸಂಬಳದ ಪಾಲನ್ನು ಅಲ್ಲಿನ ಸರ್ಕಾರ ಭರಿಸುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಬಂದ ವಿದೇಶೀಯರಿಗೆ ಅದು ಅನ್ವಯಿಸುವುದಿಲ್ಲ. ಈಗ ಸಿಕ್ಕಿರುವ ಕೆಲಸಕ್ಕೆ ವಿಶ್ವವಿದ್ಯಾಲಯ ತನ್ನ ಕೈಯಿಂದ ಪೂರ್ತಿ ಸಂಬಳ ಕೊಡುತ್ತಿದೆ ಎಂದರ್ಥ. ಅಂದರೆ ಅವಳು ಅವರಿಗೆ ಬೇಕಾಗಿದ್ದಾಳೆ.

ಸರಿ, ಪೆನ್ಸಿಲಿನ ವಿಷಯಕ್ಕೆ, ಅಂದರೆ ಲೆಕ್ಕ ಬಿಡಿಸಿ ಕೊಡಬಾರದು ಎಂಬ ಮಾತಿಗೆ ಬರೋಣ. ನಿಮಗೆ ನಿಜವಾಗಿ ಚುಚ್ಚಿದ್ದು ಇದೇ ಎಂದು ಪತ್ರದ ಅಕ್ಷರದ ಒತ್ತಿನಿಂದಲೇ ಗೊತ್ತಾಯಿತು.

ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನಾನೂ ಮನೆಪಾಠ ಹೇಳುತ್ತಿದ್ದೆ. ಸರಸ್ವತಿಪುರಂನ ಒಂದು ಮನೆ, ಎಸ್ಸೆಸ್ಸೆಲ್ಸಿ ಹುಡುಗ, ತಿಂಗಳಿಗೆ ನಲವತ್ತು ರೂಪಾಯಿ, ಜೊತೆಗೆ ಸಂಜೆಯ ಉಪ್ಪಿಟ್ಟು ಕಾಫಿ. ಹುಡುಗ ಲೆಕ್ಕ ತೋರಿಸಿದ ಕೂಡಲೇ ಪುಸ್ತಕ ನನ್ನ ಕಡೆ ಎಳೆದುಕೊಂಡು ಸರಸರನೆ ಬಿಡಿಸುತ್ತಿದ್ದೆ. ಕೊನೆಯ ಸಾಲಿಗೆ ಎರಡು ಗೆರೆ ಎಳೆದು 'ಅರ್ಥವಾಯಿತೇ' ಎನ್ನುತ್ತಿದ್ದೆ. 'ಆಯಿತು ಸಾರ್' ಎನ್ನುತ್ತಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಹನ್ನೊಂದು ಅಂಕ ಬಂತು. ಅವನ ತಾಯಿ ಕಾಫಿ ಲೋಟ ಮುಂದಿಟ್ಟು, ದನಿ ಏರಿಸದೆ ಹೇಳಿದರು: 'ನಿಮಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ನಮಗೆ ಮೊದಲೇ ಗೊತ್ತಿತ್ತು.' ಮುಂದಿನ ತಿಂಗಳು ಬೇರೆ ಮೇಷ್ಟರು ಬಂದರು. ನಿಮ್ಮ ಮಗಳ ಮೇಲ್ವಿಚಾರಕಿ ಹೇಳಿದ್ದೂ ಆ ತಾಯಿಯ ಮಾತನ್ನೇ. ಸಂಬಳ ಹೋಗುವ ಮೊದಲೇ ಹೇಳಿದರು, ಅದು ಅವಳ ಅದೃಷ್ಟ.

ನಿಮಗೆ ಪರಿಚಯದ ಒಂದು ಲೆಕ್ಕದಿಂದಲೇ ನೋಡೋಣ. 24 ÷ 4 × 2. ಅಲ್ಲಿನ ಹುಡುಗಿಯೊಬ್ಬಳು ಉತ್ತರ 3 ಎಂದು ಬರೆದು ತರುತ್ತಾಳೆ ಎಂದಿಟ್ಟುಕೊಳ್ಳಿ. ನೀವಾದರೆ, ನಾನಾದರೆ, ಅದನ್ನು ಹೊಡೆದು 12 ಎಂದು ಬರೆದು ಮುಂದೆ ಹೋಗುತ್ತೇವೆ. 'ಇದನ್ನು ಹೇಗೆ ಮಾಡಿದೆ, ಹೇಳು' ಎಂದು ಕೇಳಿದರೆ ಮಾತ್ರ ಒಳಗಿನ ಸಂಗತಿ ಹೊರಬರುತ್ತದೆ. ಲೆಕ್ಕದಲ್ಲಿ ಯಾವ ಕ್ರಿಯೆ ಮೊದಲು ಎಂಬುದನ್ನು ನಮ್ಮಲ್ಲಿ ಬೋಡ್‌ಮಾಸ್ ಎಂದು ಬಾಯಿಪಾಠ ಮಾಡಿಸಿದಂತೆ ಅಲ್ಲಿ ಪೆಮ್‌ಡಾಸ್ ಎಂದು ಮಾಡಿಸಿರುತ್ತಾರೆ. ಅದರಲ್ಲಿ ಗುಣಾಕಾರದ ಅಕ್ಷರ ಭಾಗಾಕಾರಕ್ಕಿಂತ ಮುಂದಿದೆ. ಹುಡುಗಿ ನಿಷ್ಠೆಯಿಂದ ಮೊದಲು 4 × 2 ಮಾಡಿ 24ನ್ನು 8ರಿಂದ ಭಾಗಿಸಿದ್ದಾಳೆ. ಎರಡಕ್ಕೂ ಸಮಾನ ಸ್ಥಾನ, ಎಡದಿಂದ ಬಲಕ್ಕೆ ಬರಬೇಕು ಎನ್ನುವುದನ್ನು ಯಾರೂ ಅವಳಿಗೆ ನೆಟ್ಟಗೆ ಹೇಳಿಲ್ಲ. ನಮ್ಮ ಮಕ್ಕಳು 8 − 3 + 2ರಲ್ಲಿ ಸಂಕಲನ ಮೊದಲೆಂದು 3 ಬರೆಯುವುದಿಲ್ಲವೇ? ಅದೇ ಮನೆತನದ ತಪ್ಪು. 12 ಎಂದು ಬರೆದುಕೊಟ್ಟರೆ ಆ ತಪ್ಪು ಹಾಗೇ ಅವಳ ತಲೆಯಲ್ಲಿ ಉಳಿದು ಕ್ಯಾಲ್ಕುಲಸ್ ತರಗತಿಯವರೆಗೂ ನಡೆದು ಬರುತ್ತದೆ.

ಅದಕ್ಕೇ ಅಂಥ ಕೇಂದ್ರಗಳಲ್ಲಿ ಪೆನ್ಸಿಲ್ ಕಲಿಯುವವರ ಕೈಯಲ್ಲೇ ಇರಬೇಕು ಎಂದು ತರಬೇತಿ ಕೊಡುತ್ತಾರೆ. ಟ್ಯೂಟರ್ ಕೇಳಬೇಕು, ಕಾಯಬೇಕು. ಕಾಯುವುದೇ ಕಷ್ಟ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳಲ್ಲಿ ಕುಳಿತು ಗಮನಿಸಿದರು: ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರೂ ಬಿಟ್ಟರು. ಮೂರು ಸೆಕೆಂಡು, ಮೇಷ್ಟರೇ. ನಿಮ್ಮ ತರಗತಿಯಲ್ಲಿ ಎಷ್ಟು ಕಾಯುತ್ತಿದ್ದಿರಿ ಎಂದು ನಾನು ಕೇಳುವುದಿಲ್ಲ. ಅರವತ್ತು ಮಕ್ಕಳು, ನಲವತ್ತು ನಿಮಿಷ, ಮುಗಿಯದ ಪಠ್ಯ ಇಟ್ಟುಕೊಂಡು ಯಾರಿಗೆ ಕಾಯಲಾದೀತು? ನಿಮ್ಮ ಮಗಳ ಮುಂದೆ ಇರುವುದು ಒಬ್ಬರೇ. ನಿಮಗೆ ಸಿಗದಿದ್ದ ಅನುಕೂಲ ಅವಳಿಗೆ ಸಿಕ್ಕಿದೆ.

ಪೆನ್ಸಿಲ್ ಮುಟ್ಟದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅಲ್ಲಿ ಹೋಮ್‌ವರ್ಕಿಗೂ ಅಂಕವಿರುತ್ತದೆ, ಕೆಲವು ಪರೀಕ್ಷೆಗಳನ್ನು ಮನೆಗೇ ಕೊಟ್ಟು ಕಳುಹಿಸುತ್ತಾರೆ. ಅಂಥದ್ದನ್ನು ಟ್ಯೂಟರ್ ಬಿಡಿಸಿಕೊಟ್ಟರೆ ಕಾಪಿ ಹೊಡೆದಷ್ಟೇ ಅಪರಾಧ, ಇಬ್ಬರಿಗೂ. ಬರೀ ಉತ್ತರ ಬೇಕಾದವನಿಗೆ ಈಗ ಮೊಬೈಲಿನಲ್ಲೇ ಕ್ಷಣದಲ್ಲಿ ಸಿಗುತ್ತದೆ. ಅವನು ಮಳೆಯಲ್ಲಿ ನಡೆದು ಸೆಂಟರಿಗೆ ಬರುವುದಿಲ್ಲ. ಬಂದವನಿಗೆ ಬೇಕಾದದ್ದು ಬೇರೆ.

ಈ ವಿದ್ಯೆಯನ್ನು ಅವರು ಗಂಭೀರವಾಗಿಯೇ ಕಟ್ಟಿದ್ದಾರೆ. ಕಾಲೇಜ್ ರೀಡಿಂಗ್ ಅಂಡ್ ಲರ್ನಿಂಗ್ ಅಸೋಸಿಯೇಷನ್ ಎಂಬ ಸಂಘ ಟ್ಯೂಟರ್ ತರಬೇತಿಗೆ ಮೂರು ಹಂತಗಳನ್ನು ಗೊತ್ತುಮಾಡಿದೆ. ಮೊದಲ ಹಂತಕ್ಕೆ 10 ಗಂಟೆ ತರಬೇತಿ, 25 ಗಂಟೆ ಪಾಠದ ಅನುಭವ ಬೇಕು. ಅವಳ ಕೇಂದ್ರ ಅದನ್ನು ಪಾಲಿಸುತ್ತಿದ್ದರೆ ಪ್ರಮಾಣಪತ್ರವೂ ಸಿಗುತ್ತದೆ, ಕೇಳಿ ನೋಡಲಿ. ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಆವರಣದಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಶುರುಮಾಡಿದ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಎಂಬ ಇನ್ನೊಂದು ಕ್ರಮವಿದೆ, ನನಗೆ ಬಹಳ ಇಷ್ಟವಾದದ್ದು. ಹಿಂದೆ ಅದೇ ವಿಷಯದಲ್ಲಿ ಚೆನ್ನಾಗಿ ಪಾಸಾದ ವಿದ್ಯಾರ್ಥಿ ಮತ್ತೆ ಆ ತರಗತಿಗೇ ಹೋಗಿ ಕುಳಿತು ಪಾಠ ಕೇಳಬೇಕು, ಟಿಪ್ಪಣಿ ಬರೆದುಕೊಳ್ಳಬೇಕು. ಆಮೇಲೆ ಸಂಜೆ ಉಳಿದವರನ್ನು ಸೇರಿಸಿಕೊಂಡು ಚರ್ಚೆ ನಡೆಸಬೇಕು. ಅವರು 'ದಡ್ಡ ವಿದ್ಯಾರ್ಥಿ' ಎಂದು ಯಾರನ್ನೂ ಹೆಕ್ಕುವುದಿಲ್ಲ, 'ಕಷ್ಟದ ವಿಷಯ' ಎಂದು ಪಾಠವನ್ನು ಹೆಕ್ಕುತ್ತಾರೆ. ಯಾರು ಬೇಕಾದರೂ ಬರಬಹುದು. ನಮ್ಮ ಕಾಲೇಜುಗಳಲ್ಲಿ ನಿಧಾನ ಕಲಿಕೆಯವರ ಪಟ್ಟಿ ಮಾಡಿ ಸೂಚನಾ ಫಲಕದಲ್ಲಿ ಅಂಟಿಸುವುದನ್ನು ಕಂಡಿದ್ದೇನೆ. ಆ ಹಾಳೆಯನ್ನು ಕಿತ್ತು ಎಸೆಯಬೇಕೆನಿಸಿದೆ.

ಯಾರಿಗೆ ಪಾಠ ಹೇಳುತ್ತಾಳೆ, ಅವರು ಹೇಗೆ ಓದುತ್ತಾರೆ ಎಂದು ಕೇಳಿದರೆ ಮಗಳು ಬಾಯಿ ಬಿಡುವುದಿಲ್ಲ ಎಂಬ ದೂರಿಗೆ ಉತ್ತರ ಸುಲಭ: ಹೇಳುವಂತಿಲ್ಲ. ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳ ಗೌಪ್ಯ ಕಾಪಾಡಲು ಅಲ್ಲಿ 1974ರಿಂದ ಕಾನೂನೇ ಇದೆ, ಟ್ಯೂಟರುಗಳಿಗೆ ಬಾಯಿ ಬಿಗಿಹಿಡಿಯಲು ಹೇಳಿಯೇ ಕೆಲಸಕ್ಕೆ ಕೂರಿಸುತ್ತಾರೆ. ನಿಮ್ಮ ಮೇಲೆ ಮುನಿಸಲ್ಲ.

ಭಾಷೆಯ ತೊಡಕು ಸಣ್ಣದು, ಆದರೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. 'ಏನು ಡೌಟ್?' ಎಂದು ನಾವು ಪ್ರೀತಿಯಿಂದ ಕೇಳುತ್ತೇವೆ. ಅಲ್ಲಿನವರ ಕಿವಿಗೆ ಅದು ಅಪನಂಬಿಕೆಯಂತೆ ಕೇಳುತ್ತದೆ, 'ಕ್ವೆಶ್ಚನ್' ಎನ್ನಬೇಕು. ಝೆಡ್ ಎಂದರೆ ಝೀ. ನೀವು ಟ್ರಪೀಜಿಯಂ ಎಂದು ಕಲಿಸಿದ ಆಕೃತಿ ಅಲ್ಲಿ ಟ್ರಪಜಾಯ್ಡ್. ಒಂದು ವಾರದಲ್ಲಿ ನಾಲಿಗೆ ಒಗ್ಗುತ್ತದೆ.

ಸಂಬಳದ ಚೀಟಿಯನ್ನು ಒಮ್ಮೆ ನೋಡಿಕೊಳ್ಳಲಿ. ಎಫ್-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ವೃದ್ಧರ ವೈದ್ಯಕೀಯ ವಿಮೆ) ಕಡಿತವಿಲ್ಲ, 7.65 ಶೇಕಡ ಕತ್ತರಿಸಿದ್ದರೆ ಸಂಬಳ ವಿಭಾಗಕ್ಕೆ ಹೇಳಿ ಸರಿಮಾಡಿಸಿಕೊಳ್ಳಬೇಕು. ಆದಾಯ ತೆರಿಗೆ ಬೇರೆ, ಅದರ ವಿವರ ಸಲ್ಲಿಸಲೇಬೇಕು. ಭಾರತದ ವಿದ್ಯಾರ್ಥಿಗಳು ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಅಲ್ಲಿನವರಂತೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಒಂದು ನಿಗದಿತ ಮೊತ್ತಕ್ಕೆ ತೆರಿಗೆ ವಿನಾಯಿತಿ, ಪಡೆಯಬಹುದು. ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಈ ಸವಲತ್ತಿಲ್ಲ, ನಮ್ಮ ಮಕ್ಕಳಲ್ಲಿ ಕೆಲವರು ಗೊತ್ತಿಲ್ಲದೆ ಬಿಟ್ಟುಬಿಡುತ್ತಾರೆ.

ಕೊನೆಗೆ ನಿಮ್ಮ ಟಿಪ್ಪಣಿ ಪುಸ್ತಕಗಳು. ಹದಿನಾಲ್ಕು ಪುಸ್ತಕ ಎಂದಿದ್ದೀರಿ. ಕೊರಿಯರಿನವರು ತೂಕಕ್ಕೆ ಹೇಳುವ ದುಡ್ಡು ಕೇಳಿದರೆ ತಲೆ ತಿರುಗುತ್ತದೆ. ಬಿಡಿಸಿದ ಲೆಕ್ಕಗಳು ಅವಳಿಗೆ ಬೇಕಿಲ್ಲ, ಅವಳೇ ಬಿಡಿಸಬಲ್ಲಳು. ಆದರೆ ಪತ್ರದ ಮೂರನೆಯ ಪುಟದಲ್ಲಿ ಒಂದು ಮಾತನ್ನು ಸುಮ್ಮನೆ ಹೇಳಿ ದಾಟಿದ್ದೀರಿ: ಪ್ರತಿ ಪಾಠದ ಕೊನೆಗೆ, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದೆ ಎಂದು. ಆ ಕೆಂಪು ಶಾಯಿಯ ಪುಟಗಳನ್ನಷ್ಟೇ ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಿ. ಬೀಜಗಣಿತ ಮೊದಲು. ಒಂದು ಪ್ರತಿ ನಮಗೂ.