ಈ ಚಳಿಗಾಲ ಹಿಮ ಎಷ್ಟು ಬೀಳಬಹುದು ಎಂಬ ಪ್ರಶ್ನೆಗೆ ಉತ್ತರ

ನಮಸ್ಕಾರ. ಬೆರ್ರಿ ಗಿಡಗಳು ಈ ಸಲ ಹಣ್ಣಿನ ಭಾರಕ್ಕೆ ಜೋತುಬಿದ್ದಿವೆ, ಕಂಬಳಿಹುಳುಗಳ ಮೈಯಲ್ಲಿ ಕಪ್ಪು ಹೆಚ್ಚಾಗಿದೆ, ಹಾಗಾದರೆ ಹಿಮ ಜೋರಾಗಿ ಬೀಳುತ್ತದೆಯೇ, ಪಾಲಿಹೌಸಿಗೆ ಆಸರೆ ಕೊಡಬೇಕೇ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಕೊಡಿ. ಮೊದಲನೆಯದಕ್ಕೆ ಸ್ವಲ್ಪ ವಿವರಣೆ ಬೇಕಾಗುತ್ತದೆ.

ಗಿಡ ಮೈತುಂಬ ಹಣ್ಣು ಬಿಟ್ಟಿದೆ ಎಂದರೆ ವಸಂತದಲ್ಲಿ ಹೂವಿಗೆ ಕೊರೆಯುವ ಚಳಿ ತಗುಲಲಿಲ್ಲ, ಜೇನುಗಳು ಚೆನ್ನಾಗಿ ಓಡಾಡಿದವು ಎಂದರ್ಥ. ಅದು ಕಳೆದುಹೋದ ಹವಾಮಾನದ ಲೆಕ್ಕವೇ ಹೊರತು ಮುಂಬರುವುದರ ಸೂಚನೆಯಲ್ಲ. ಕಪ್ಪು ಹೆಚ್ಚಿದ್ದರೆ ಚಳಿಗಾಲ ಕಠಿಣ, ಕಂದು ಹೆಚ್ಚಿದ್ದರೆ ಹಗುರ ಎಂಬ ಕಂಬಳಿಹುಳುವಿನ ನಂಬಿಕೆಗೆ ಹೆಸರು ತಂದವರು ಕೀಟಶಾಸ್ತ್ರಜ್ಞ ಸಿ. ಎಚ್. ಕರ್ರನ್. ಅವರು 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬೇರ್ ಮೌಂಟನ್ ಬಳಿ ಹುಳುಗಳನ್ನು ಹಿಡಿದು, ಅವುಗಳ ಮೈಯ 13 ಖಂಡಗಳಲ್ಲಿ ಕಂದು ಎಷ್ಟು ಎಂದು ಎಣಿಸಿದ್ದರು. ಆದರೆ ಹುಳು ಪೊರೆ ಕಳಚುತ್ತ ಬೆಳೆದಂತೆ ಕಂದು ಪಟ್ಟಿ ಅಗಲವಾಗುತ್ತ ಹೋಗುತ್ತದೆ. ನೀವು ಕಂಡ ಕಪ್ಪು ಹುಳು ಇನ್ನೂ ಎಳೆಯದಿರಬಹುದು, ಅಷ್ಟೆ.

ಹವಾಮಾನ ಇಲಾಖೆಗಳು ಮುಖ್ಯವಾಗಿ ಪೆಸಿಫಿಕ್ ಸಾಗರದ ಎಲ್ ನಿನೊ (ಮೇಲ್ಮೈ ನೀರು ವಾಡಿಕೆಗಿಂತ ಬಿಸಿಯಾಗುವುದು), ಲಾ ನಿನಾ (ತಣ್ಣಗಾಗುವುದು) ಸ್ಥಿತಿಯನ್ನು ಗಮನಿಸಿ ಋತುವಿನ ಮುನ್ಸೂಚನೆ ನೀಡುತ್ತವೆ. ಅದನ್ನು ಓದುವಾಗ ಎಚ್ಚರ ಬೇಕು. ಸರಾಸರಿಗಿಂತ ಹೆಚ್ಚು, ಸರಾಸರಿ, ಕಡಿಮೆ ಎಂಬ ಮೂರು ಪಾಲುಗಳಿಗೂ ಮೂಲತಃ ಶೇ. 33ರಷ್ಟು ಸಾಧ್ಯತೆಯಿರುವುದರಿಂದ, 'ಹೆಚ್ಚು' ಎಂಬುದಕ್ಕೆ ಶೇ. 45 ಎಂದು ಬರೆದಿದ್ದರೂ ಹಾಗಾಗದಿರುವ ಸಾಧ್ಯತೆಯೇ ದೊಡ್ಡದು. ಮೇಲಾಗಿ ಅದು ಆಕಾಶದಿಂದ ಬೀಳುವ ಒಟ್ಟು ನೀರಿನ ಮಾತು. ಆ ನೀರು ಮಳೆಯಾಗುವುದೋ ಹಿಮವಾಗುವುದೋ ಎಂಬುದು ಆ ದಿನದ ಒಂದೆರಡು ಡಿಗ್ರಿಗಳ ಮೇಲೆ ನಿಂತಿರುತ್ತದೆ. ಪ್ರಬಲ ಎಲ್ ನಿನೊ ಇದ್ದ 2015ರ ಡಿಸೆಂಬರ್ ನ್ಯೂಯಾರ್ಕ್ ನಗರದಲ್ಲಿ ದಾಖಲೆಯ ಬೆಚ್ಚನೆಯ ತಿಂಗಳಾಗಿತ್ತು. ಆದರೆ ಮರುತಿಂಗಳು ಬಂದ ಒಂದೇ ಬಿರುಗಾಳಿ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು 70 ಸೆಂ.ಮೀ. ಹಿಮ ಸುರಿದು ಹೋಯಿತು. ಆ ಇಡೀ ಚಳಿಗಾಲದ ಮೊತ್ತ ಸುಮಾರು 83 ಸೆಂ.ಮೀ. ಮಾತ್ರ. ಅಂತಹ ಬಿರುಗಾಳಿಯ ಸುಳಿವು ಒಂದು ವಾರ ಮೊದಲು ಸಿಕ್ಕರೆ ಪುಣ್ಯ.

ಇನ್ನು ಪಾಲಿಹೌಸ್. ಅದರ ಬೆನ್ನು ಮುರಿಯುವುದು ಋತುವಿನ ಮೊತ್ತವಲ್ಲ, ಒಂದು ರಾತ್ರಿಯ ಹಸಿ ಹಿಮ. ನೇರ ಗೋಡೆಯ ಡಬ್ಬಿಯೊಂದರಲ್ಲಿ 10 ಸೆಂ.ಮೀ. ಹಿಮವನ್ನು ಅದುಮದೆ ತುಂಬಿ ಒಳಗೆ ತಂದು ಕರಗಿಸಿ ನೋಡಿ: ಸಾಧಾರಣ ಹಿಮವಾದರೆ ತಳದಲ್ಲಿ ಸುಮಾರು 1 ಸೆಂ.ಮೀ. ನೀರು ನಿಲ್ಲುತ್ತದೆ, ಅಂದರೆ ಚದರ ಮೀಟರಿಗೆ 10 ಕಿಲೊ ಭಾರ. ಹಸಿ ಹಿಮವಾದರೆ ಇದು ಸುಲಭವಾಗಿ ಎರಡು ಪಟ್ಟಾಗುತ್ತದೆ. 120 ಚದರ ಮೀಟರಿನ ಸೂರಿನ ಮೇಲೆ 30 ಸೆಂ.ಮೀ. ಹಸಿ ಹಿಮ ಜಾರದೆ ನಿಂತರೆ 7 ಟನ್ನಿಗೂ ಮೀರಿದ ಹೊರೆ. ಮುನ್ಸೂಚನೆ ಹಗುರವಾಗಿದೆಯೆಂದು ಒಂದು ವರ್ಷ ಸುಮ್ಮನಿದ್ದು ಎರಡು ಕಮಾನುಗಳನ್ನು ಬಗ್ಗಿಸಿಕೊಂಡವನು ನಾನು.

ಆದ್ದರಿಂದ ಈಗಲೇ ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಗೊಳಿಸಿ, ಹಿಮ ಅಂಟಿಕೊಳ್ಳದಂತೆ ಮೇಲಿನ ಶೇಡ್ ನೆಟ್ ತೆಗೆದುಬಿಡಿ, ನಡುಬೆನ್ನಿನ ಪೈಪಿನ ಕೆಳಗೆ ಆಸರೆಗಂಬಗಳನ್ನು ನಿಲ್ಲಿಸಿ. ಕಂಬದ ಬುಡಕ್ಕೆ ಹಲಗೆ ಇಡದಿದ್ದರೆ ಅದು ಮೆತ್ತನೆಯ ಮಣ್ಣಿನಲ್ಲಿ ಇಳಿದು ಹೋಗುತ್ತದೆ. ಹಿಮ ಬೀಳತೊಡಗಿದಾಗಲೇ ಹೊರಗಿನಿಂದ ಬಟ್ಟೆ ಸುತ್ತಿದ ಉದ್ದ ಪೊರಕೆಯಿಂದ ಎರಡೂ ಮಗ್ಗುಲನ್ನು ಸಮನಾಗಿ ಎಳೆದು ಹಾಕಿ, ಜಾರಿದ ಹಿಮ ಪಕ್ಕದ ಗೋಡೆಯನ್ನು ಒತ್ತದಂತೆ ಸರಿಸಿ. ಕಮಾನು ಕಿರುಗುಟ್ಟುತ್ತಿದ್ದರೆ ಮಾತ್ರ ಒಳಗೆ ಕಾಲಿಡಬೇಡಿ.

ಬಯಲಿನ ಬೆಳ್ಳುಳ್ಳಿ ಮಡಿಗಳ ಮೇಲಿನ ಹಿಮವನ್ನು ತೆಗೆಯಬೇಡಿ, ಅದು ಬೇರಿಗೆ ಕಂಬಳಿಯಿದ್ದಂತೆ. ಹಿಮವಿಲ್ಲದ ಒಣ ಚಳಿಯೇ ಅವಕ್ಕೆ ಹೆಚ್ಚು ಅಪಾಯ. ಆದಕಾರಣ ಮಣ್ಣಿನ ಮೇಲ್ಪದರ ಹೆಪ್ಪುಗಟ್ಟತೊಡಗಿದ ಮೇಲೆ ಒಣಹುಲ್ಲನ್ನು ದಪ್ಪಗೆ ಹೊದಿಸಿಡಿ.